ಹಳೆಯ ಎರಡು ದೋಣಿಗಳಲ್ಲಿ ಯಾವುದು? ಮೊದಲು ಹಿಂಬದಿ ಹಲಗೆ ತಟ್ಟಿ

ಕುಂದಾಪುರದ ಪಂಚಗಂಗಾವಳಿಯಂಥ ಹೊಳೆಗಳ ಕುದ್ರುಗಳಲ್ಲಿ (ನಡುಗಡ್ಡೆಗಳಲ್ಲಿ) ಮನೆಮಂದಿಯ ಓಡಾಟಕ್ಕೆ ಸೆಕೆಂಡ್‌ಹ್ಯಾಂಡ್ ಫೈಬರ್ ದೋಣಿ ಹುಡುಕಿದರೆ, ಒಂದೇ ಉದ್ದದ, ಒಂದೇ ಎಚ್‌ಪಿಯ ಎರಡು ಸಿಗುವುದುಂಟು. ಎಂಜಿನ್ ಸದ್ದು ಕೇಳಿ, ಬಣ್ಣ ನೋಡಿ ಮುಂಗಡ ಕೊಟ್ಟುಬಿಡುತ್ತಾರೆ. ಎಂಜಿನ್ ಬದಲಿಸಬಹುದು; ಅದನ್ನು ಕಟ್ಟುವ ಹಿಂಬದಿ ಹಲಗೆ ಕೊಳೆತಿದ್ದರೆ ದೋಣಿಯ ಹಿಂಭಾಗವನ್ನೇ ಕೊಯ್ಯಬೇಕು.

1. ಎರಡನ್ನೂ ದಡಕ್ಕೆ ಎಳೆಸಿ. ತೇಲುತ್ತಿರುವ ದೋಣಿಗೆ ಬೆಲೆ ಮಾತಾಡಬೇಡಿ.

2. ಹಿಂಬದಿ ಹಲಗೆ. ಒಳಗೆ ಪ್ಲೈವುಡ್, ಹೊರಗೆ ಫೈಬರ್ ಹೊದಿಕೆ. ಬೋಲ್ಟ್ ತೂತಿನಿಂದ ನೀರು ಇಳಿದರೆ ಹೊದಿಕೆ ನೆಟ್ಟಗಿರುತ್ತದೆ, ಒಳಗಿನ ಮರ ಮಾತ್ರ ಮೆತ್ತಗಾಗುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಎರಡೆರಡು ಇಂಚಿಗೆ ತಟ್ಟುತ್ತ ಹೋಗಿ. ಗಟ್ಟಿ ಇದ್ದಲ್ಲಿ ‘ಟಣ್’, ಕೊಳೆತಲ್ಲಿ ‘ಡಬ್’. ಬೋಲ್ಟ್‌ಗಳ ಸುತ್ತ, ನೀರು ಬಿಡುವ ಬೂಚಿನ ತೂತಿನ ಪಕ್ಕ, ತೀರ ಕೆಳಗಿನ ಅಂಚು: ಕೊಳೆ ಶುರುವಾಗುವುದು ಇಲ್ಲೇ. ಬಳಿಕ ಎಂಜಿನ್ ಓರೆಯಾಗಿ ಎತ್ತಿ, ಅದರ ಕಾಲನ್ನು (ನೀರಿಗಿಳಿಯುವ ಕೆಳಭಾಗ) ಹಿಡಿದು ಮೇಲೆ ಕೆಳಗೆ ಅದುಮಿ. ಇನ್ನೊಬ್ಬರು ಹಲಗೆಯ ಮೇಲಂಚನ್ನೇ ನೋಡುತ್ತಿರಲಿ. ಅಂಚು ಬಾಗಿತೋ, ಬೋಲ್ಟಿನ ಬುಡದಲ್ಲಿ ಕಂದು ನೀರು ಒಸರಿತೋ, ಆ ದೋಣಿ ಬಿಡಿ. ಒಪ್ಪಿಗೆ ಸಿಕ್ಕರೆ ಒಂದು ಸಣ್ಣ ಸ್ಕ್ರೂ ಬಿಚ್ಚಿಸಿ. ಅದರ ಜೊತೆ ಒದ್ದೆ ಹುಡಿ ಬಂದರೆ ಬೇರೆ ಪರೀಕ್ಷೆ ಬೇಕಿಲ್ಲ.

ಈ ಜಾಗಕ್ಕಷ್ಟೇ ಹೊಸ ಬಣ್ಣ ಬಳಿದಿದ್ದರೆ ಕೆಳಗೆ ಪುಟ್ಟಿ ಇದೆ ಎಂದೇ ತಿಳಿಯಿರಿ. ಬಚ್ಚಲುಮನೆಗೆ ಹಚ್ಚುವ ಸಿಲಿಕಾನ್ ಮೆತ್ತಿದ ತೂತುಗಳೂ ಕಾಣಸಿಗುತ್ತವೆ. ನೀರಿನ ಮಟ್ಟದ ಕೆಳಗೆ ಅದು ಬಹುದಿನ ನಿಲ್ಲುವುದಿಲ್ಲ.

3. ಎಂಜಿನ್. ಕೈಯಿಟ್ಟು ನೋಡಿದಾಗ ತಣ್ಣಗಿರಬೇಕು. ನೀವು ಬರುವ ಮೊದಲೇ ಚಾಲೂ ಮಾಡಿ ಬಿಸಿಯಾಗಿಟ್ಟಿದ್ದರೆ ಸ್ಟಾರ್ಟಿಂಗ್ ತೊಂದರೆ ಗೊತ್ತಾಗದು. ಕಾಲಿನ ಕೆಳಗಿನ ಗೇರ್ ಆಯಿಲ್ ಸ್ಕ್ರೂ ಸಡಿಲಿಸಿ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿದೆ. ಮೆಕ್ಯಾನಿಕ್‌ನಿಂದ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ಅಳೆಸಿ. ಎರಡು ಸಿಲಿಂಡರ್‌ಗಳ ನಡುವೆ ಶೇ 10ಕ್ಕಿಂತ ಹೆಚ್ಚು ಅಂತರವಿದ್ದರೆ ಬೇಡ. ತಂಪಿನ ನೀರು ಹೊರಚಿಮ್ಮುವುದು ಬಡವಾಗಿದ್ದರೆ ಮೊದಲು ಆ ತೂತಿಗೆ ತಂತಿ ಹಾಕಿ ನೋಡಿ. ಪಂಪಿನಲ್ಲಿ ನೀರು ತಳ್ಳುವ ರಬ್ಬರ್ ಚಕ್ರ (ಇಂಪೆಲ್ಲರ್) ಸವೆದಿದ್ದರೆ ಸಣ್ಣ ಖರ್ಚು. ಉಪ್ಪು ಕಟ್ಟಿ ಒಳದಾರಿ ಮುಚ್ಚಿದ್ದರೆ ದೊಡ್ಡದು.

ಮೀನುಗಾರಿಕೆಯಲ್ಲಿ ದುಡಿದ ಸೀಮೆಎಣ್ಣೆ ಎಂಜಿನ್ ಅಗ್ಗಕ್ಕೆ ಬರಬಹುದು. ಪೆಟ್ರೋಲ್‌ನಲ್ಲಿ ಚಾಲೂ ಮಾಡಿ, ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲ್‌ಗೆ ತರುವ ರಗಳೆ ಮನೆಯವರಿಗೆ ಬೇಡ.

4. ಎಂಜಿನ್ ಕಾಲಿನ ಉದ್ದ. ಸಾಮಾನ್ಯವಾಗಿ 15 ಇಲ್ಲವೇ 20 ಇಂಚು. ಪ್ರೊಪೆಲ್ಲರ್ ಮೇಲಿನ ಚಪ್ಪಟೆ ರೆಕ್ಕೆ ದೋಣಿಯ ತಳಕ್ಕೆ ಸಮವಾಗಿರಬೇಕು, ಅಥವಾ ಒಂದಿಂಚು ಕೆಳಗೆ. ಮೇಲಿದ್ದರೆ ಪ್ರೊಪೆಲ್ಲರ್ ಗಾಳಿ ಎಳೆದು, ಎಂಜಿನ್ ಅರಚುತ್ತದೆ, ದೋಣಿ ಮುಂದೆ ಹೋಗದು.

5. ದಾಖಲೆಯಲ್ಲಿರುವ ಎಂಜಿನ್ ನಂಬರ್ ಎಂಜಿನ್ ಮೇಲಿನದಕ್ಕೆ ತಾಳೆಯಾಗಲಿ.

6. ಮನೆಯವರೆಲ್ಲ ಲೈಫ್ ಜಾಕೆಟ್ ಹಾಕಿ ಕೂತು ಅರ್ಧ ಗಂಟೆ ಓಡಿಸಿ. ಎಂಜಿನ್ ನಿಲ್ಲಿಸುವ ಕೆಂಪು ಹಗ್ಗ ಎಳೆದು ನೋಡಿ, ಕೂಡಲೇ ನಿಲ್ಲಬೇಕು. ದಡಕ್ಕೆ ಬಂದ ಮೇಲೆ ತಳದಲ್ಲಿ ಎಷ್ಟು ನೀರು ಸೇರಿದೆ ಗಮನಿಸಿ. ಇಷ್ಟರ ಮೇಲೂ ಎರಡೂ ಸಮವೆನಿಸಿದರೆ ಅಗಲ ಹೆಚ್ಚಿರುವುದನ್ನೇ ತೆಗೆದುಕೊಳ್ಳಿ, ವೇಗ ತುಸು ಕಡಿಮೆಯಾದರೂ ಸರಿ. ಮಕ್ಕಳೆಲ್ಲ ಒಂದೇ ಬದಿಗೆ ಓಡಿದಾಗ ಅದು ಅಷ್ಟಾಗಿ ವಾಲುವುದಿಲ್ಲ.