ಸಾಫ್ಟ್‌ವೇರ್‌ಗೆ ಬಯ್ಯುವ ಮೊದಲು ಟೇಬಲ್ ಕೆಳಗೆ ಬಗ್ಗಿ ನೋಡಿ

ರಾಯಚೂರಿನ ಗಂಜ್‌ಗೆ, ಅಂದರೆ ಕೃಷಿ ಮಾರುಕಟ್ಟೆಗೆ, ಹತ್ತಿ ಬರೋಕೆ ಶುರುವಾದರೆ ನನ್ನ ಫೋನ್‌ಗೆ ಬಿಡುವಿಲ್ಲ. ಹೋದ ಸೀಸನ್‌ನಲ್ಲಿ ಒಂದು ದಲಾಲಿ ಅಂಗಡಿಯ ಗುಮಾಸ್ತರು ಫೋನ್ ಮಾಡಿದರು. "ಸರ್, ಈ ಟ್ಯಾಲಿ ಪೂರಾ ಕೆಟ್ಟು ಹೋಗ್ಯಾದ್ರಿ. ಬ್ಯಾರೆ ಏನಾರ ಹಾಕಿ ಕೊಡ್ರಿ."

ಟ್ಯಾಲಿ ಅಂದರೆ ಅಂಗಡಿಯ ಲೆಕ್ಕ ಬರೆಯುವ ಸಾಫ್ಟ್‌ವೇರ್. ಹೋಗಿ ನೋಡಿದರೆ ಸಿಪಿಯು ಡಬ್ಬಿ ಟೇಬಲ್ ಕೆಳಗೆ, ಒಂದು ಹತ್ತಿ ಚೀಲಕ್ಕೆ ಒರಗಿಕೊಂಡು ಕೂತಿತ್ತು. ಹಿಂದಿನ ಜಾಲರಿ ತುಂಬಾ ಹತ್ತಿ ಎಳೆ. ಬೆರಳಿಂದ ಎಳೆದೆ, ಬತ್ತಿ ಥರ ಉದ್ದಕ್ಕೆ ಬಂತು.

ಸ್ಕ್ರೀನ್ ಮೇಲೆ ಕಾಣುವುದು ಸಾಫ್ಟ್‌ವೇರ್ ಒಂದೇ, ಅದಕ್ಕೇ ಬೈಗುಳವೆಲ್ಲ ಅದಕ್ಕೆ. ಫ್ಯಾನು, ಡಿಸ್ಕು, ವೈರು ಯಾರ ಕಣ್ಣಿಗೂ ಬೀಳುವುದಿಲ್ಲ. ಇದನ್ನೆಲ್ಲ ನೋಡಿಕೊಳ್ಳಬೇಕಾದ ಸರ್ವಿಸ್‌ನವರೂ "ಸಾಫ್ಟ್‌ವೇರ್ ಪ್ರಾಬ್ಲಂ" ಅಂದು ಹೊರಟುಬಿಡುತ್ತಾರೆ, ಅವರಿಗೂ ಅದೇ ಸಲೀಸು ಅಲ್ವಾ. ಹಾಗಾಗಿ ನೀವೇ ಹುಡುಕಿ.

ಮೊದಲಿಗೆ ಅದೇ ಕೆಲಸವನ್ನು ಪಕ್ಕದ ಕಂಪ್ಯೂಟರ್‌ನಲ್ಲಿ ಮಾಡಿ ನೋಡಿ. ಅಲ್ಲಿ ಸಲೀಸಾಗಿ ನಡೆದರೆ ಸಾಫ್ಟ್‌ವೇರ್ ಮೇಲಿನ ಅರ್ಧ ಅನುಮಾನ ಹೋಯಿತು.

ಎರಡನೆಯದರಲ್ಲೇ ಎಲ್ಲರೂ ಎಡವುವುದು. ಕಂಪ್ಯೂಟರ್ ಒದ್ದಾಡುತ್ತಿರುವಾಗ ರೀಸ್ಟಾರ್ಟ್ ಮಾಡಬೇಡಿ. ಮಾಡಿದರೆ ಕಳ್ಳನೂ ಹೋದ, ಗುರುತೂ ಹೋಯಿತು. ಅದು ಒದ್ದಾಡುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಸ್ವಲ್ಪ ತಡವಾಗಬಹುದು, ಕಾಯಿರಿ, ಮತ್ತೆ ಮತ್ತೆ ಒತ್ತಬೇಡಿ. ಮೇಲೆ ಸಿಪಿಯು (ಇಲ್ಲಿ ಡಬ್ಬಿಯಲ್ಲ, ಒಳಗಿನ ಪ್ರೊಸೆಸರ್), ಮೆಮೊರಿ, ಡಿಸ್ಕ್ ಅಂತ ಕಾಲಂಗಳಿರುತ್ತವೆ. ಡಿಸ್ಕ್ ಅನ್ನುವುದರ ಮೇಲೆ ಕ್ಲಿಕ್ ಮಾಡಿದರೆ ಡಿಸ್ಕನ್ನು ಜಾಸ್ತಿ ತಿನ್ನುತ್ತಿರುವುದು ಮೇಲಕ್ಕೆ ಬರುತ್ತದೆ. ಆ ಅಂಗಡಿಯಲ್ಲಿ ಡಿಸ್ಕ್ ಶೇ 100 ತೋರಿಸುತ್ತಿತ್ತು, ಮೇಲೆ ಕೂತಿದ್ದು ಆಂಟಿವೈರಸ್. ಅದೂ ಒಂದಲ್ಲ, ಎರಡು ಕಂಪನಿಯವು, ಒಂದರ ಮೇಲೊಂದು ಹಾಕಿದ್ದರು! ಪಾಪ ಟ್ಯಾಲಿ ಎಲ್ಲೋ ಕೆಳಗಿತ್ತು. ಇಂಥ ಕಡೆ ಒಂದು ಆಂಟಿವೈರಸ್ ತೆಗೆಯಿರಿ. ಒಳಗೆ ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಬ್ಯಾಕಪ್ ತೆಗೆದುಕೊಂಡು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್, ಹಾಕಿಸಿ. ಹೊಸ ಸಾಫ್ಟ್‌ವೇರ್‌ಗೆ ಸುರಿಯುವ ದುಡ್ಡಿಗಿಂತ ಇದೇ ಮೇಲು, ಈ ಮಾತಿನಲ್ಲಿ ನಾನು ಜಗ್ಗುವುದಿಲ್ಲ.

ಮೆಮೊರಿ ಶೇ 90 ದಾಟಿದ್ದರೆ, ಇರುವುದು 4 ಜಿಬಿ ಆಗಿದ್ದರೆ, ಬ್ರೌಸರ್‌ನಲ್ಲಿ ಎಷ್ಟು ಟ್ಯಾಬ್ ತೆರೆದಿದ್ದೀರಿ ಎಣಿಸಿ.

ಈಗ ಟಾಸ್ಕ್ ಮ್ಯಾನೇಜರ್‌ನಲ್ಲೇ ಪರ್ಫಾರ್ಮೆನ್ಸ್ ಅನ್ನುವ ಜಾಗಕ್ಕೆ ಹೋಗಿ ಸಿಪಿಯು ಒತ್ತಿ. ಕೆಳಗೆ 'ಅಪ್ ಟೈಮ್' ಅಂತ ಇರುತ್ತದೆ, ಅಂದರೆ ವಿಂಡೋಸ್ ಹೊಸದಾಗಿ ಶುರುವಾಗಿ ಎಷ್ಟು ಹೊತ್ತಾಯಿತು ಅಂತ. ಗುಮಾಸ್ತರು ದಿನಾ ಸಂಜೆ ತಪ್ಪದೆ ಶಟ್‌ಡೌನ್ ಮಾಡುತ್ತಿದ್ದರು, ಆದರೂ ಅಲ್ಲಿ 46 ದಿನ ಅಂತಿತ್ತು. ನಂಬಲಿಲ್ಲ ಅವರು. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡುವಾಗ ವಿಂಡೋಸ್ ತನ್ನ ಒಳಭಾಗವನ್ನು ಡಿಸ್ಕ್‌ನಲ್ಲಿ ಎತ್ತಿಟ್ಟುಕೊಂಡು, ಮರುದಿನ ಅದನ್ನೇ ವಾಪಸ್ ತರುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಪೂರ್ತಿ ಹೊಸದಾಗಿ ಏಳುತ್ತದೆ. ಇದನ್ನೆಲ್ಲ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡ ಮೇಲೆ ಧಾರಾಳವಾಗಿ ರೀಸ್ಟಾರ್ಟ್ ಮಾಡಿ.

ಅಲ್ಲೇ 'ಸ್ಪೀಡ್' ಕೂಡ ನೋಡಿ. 3 ಗಿಗಾಹರ್ಟ್ಸ್‌ನ ಪ್ರೊಸೆಸರ್, ಕೆಲಸ ತುಂಬಾ ಇದ್ದಾಗಲೂ 1ರ ಕೆಳಗೇ ತೆವಳುತ್ತಿದ್ದರೆ ಸೆಕೆ ಮೇಲೆ ಅನುಮಾನ ಪಡಿ. ಪ್ರೊಸೆಸರ್ ತೀರಾ ಬಿಸಿಯಾದರೆ ಸುಟ್ಟುಹೋಗದಿರಲಿ ಅಂತ ತಾನೇ ವೇಗ ಇಳಿಸಿಕೊಳ್ಳುತ್ತದೆ. ನಮ್ಮೂರಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ, ಎಸಿ ಇರುವುದು ಸಾಹುಕಾರರ ಕೋಣೆಯಲ್ಲಿ ಮಾತ್ರ, ಇನ್ನು ಹತ್ತಿ ಎಳೆಯಿಂದ ಬಾಯಿ ಮುಚ್ಚಿದ ಡಬ್ಬಿ ಹೇಗೆ ಉಸಿರಾಡಬೇಕು?

ಮೂರನೆಯದು ಸ್ವಚ್ಛ ಮಾಡುವುದು: ಪ್ಲಗ್ ಕಿತ್ತು, ಹೊರಗೆ ಒಯ್ದು ಬ್ಲೋವರ್ ಹಿಡಿಯಿರಿ, ಫ್ಯಾನ್ ರೆಕ್ಕೆ ಗಿರಗಿರ ತಿರುಗದಂತೆ ಪೆನ್ಸಿಲ್ ಅಡ್ಡ ಇಟ್ಟು. ಒದ್ದೆ ಬಟ್ಟೆ ಬೇಡ. ಗಂಗಾವತಿಯ ರೈಸ್‌ಮಿಲ್‌ಗಳ ಹೊಟ್ಟಿನ ಧೂಳು ಇದಕ್ಕಿಂತ ಸಣ್ಣ, ಅಲ್ಲಿಯವರು ತಿಂಗಳಿಗೊಮ್ಮೆ ಮಾಡಲೇಬೇಕು.

ಕಂಪ್ಯೂಟರ್ ಸ್ಪೀಡ್ ಮಾಡುತ್ತೇವೆ ಅನ್ನುವ ಪುಕ್ಕಟೆ ಕ್ಲೀನರ್‌ಗಳನ್ನು ಮಾತ್ರ ಹಾಕಬೇಡಿ, ಸುಮ್ನೆ ಇನ್ನೊಂದು ಭಾರ. ಕ್ರ್ಯಾಕ್ ವಿಂಡೋಸ್ ಹಾಕಿ ಅಪ್‌ಡೇಟ್ ಬಂದ್ ಮಾಡಿಟ್ಟು ಹೋಗುವವರನ್ನೂ ಒಳಗೆ ಬಿಡಬೇಡಿ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಬೆಂಬಲ ನಿಂತಿದೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ.

ಡೇಟಾ ಒಂದು ಕಂಪ್ಯೂಟರ್‌ನಲ್ಲಿದ್ದು ಉಳಿದವರು ವೈಫೈ ಮೇಲೆ ತೆರೆಯುತ್ತಿದ್ದರೆ ಕೇಬಲ್ ಎಳೆಸಿ, ಅಷ್ಟೇ.

ಇಷ್ಟೆಲ್ಲ ಆದ ಮೇಲೂ ಎಲ್ಲ ಕಂಪ್ಯೂಟರ್‌ಗಳಲ್ಲಿ, ಅದೇ ಜಾಗದಲ್ಲಿ, ಅದೇ ಎರರ್ ಬಂದರೆ ಆಗ ಸಾಫ್ಟ್‌ವೇರ್‌ನವರಿಗೆ ಫೋಟೊ ಕಳಿಸಿ ಧಾರಾಳವಾಗಿ ಜಗಳ ಆಡಿ.

ಬೆಳಿಗ್ಗೆ ಆನ್ ಮಾಡಿದ ಕೂಡಲೇ ಜಿಎಸ್‌ಟಿ ಪೋರ್ಟಲ್ ತೆರೆಯುವುದಿಲ್ಲ ಅನ್ನುವವರು ಮೊದಲು ಮೂಲೆಯಲ್ಲಿರುವ ತಾರೀಕು ನೋಡಿ. ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತಿದೆ. ತಾರೀಕು ತಪ್ಪಿದರೆ ಸೈಟಿನ ಸರ್ಟಿಫಿಕೇಟನ್ನು ಬ್ರೌಸರ್ ನಂಬುವುದಿಲ್ಲ. ಸಿಆರ್ 2032 ಅಂತ ಕೇಳಿ, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಹಾಕಿದ ಮೇಲೆ ತಾರೀಕು ನೀವೇ ತಿದ್ದಬೇಕು, ಅದನ್ನು ಮರೆತು ಮತ್ತೆ ನನಗೆ ಫೋನ್ ಮಾಡಬೇಡಿ.