ಬಟರ್‌ಕ್ರೀಮ್ ಐಸಿಂಗ್: ಹದ ತಪ್ಪದಂತೆ ಮಾಡುವುದು ಹೇಗೆ?

ಕೇಕ್ ಚೆನ್ನಾಗಿ ಉಬ್ಬಿ ಬಂದಿರುತ್ತದೆ. ಆದರೆ ಮೇಲೆ ಹಚ್ಚಿದ ಐಸಿಂಗ್ ಅರ್ಧ ಗಂಟೆಯಲ್ಲಿ ಜಾರಿ ತಟ್ಟೆ ಸೇರಿರುತ್ತದೆ. ಇಂಥ ಹೊತ್ತಲ್ಲಿ ಹೆಚ್ಚಿನವರು ಇನ್ನೊಂದು ಹಿಡಿ ಸಕ್ಕರೆ ಸುರಿಯುತ್ತಾರೆ. ಅದಕ್ಕೂ ಬಗ್ಗದಿದ್ದರೆ ಮತ್ತೊಂದು ಹಿಡಿ. ಕೊನೆಗೆ ಐಸಿಂಗ್ ಗಟ್ಟಿಯಾದರೂ ತಿನ್ನಲಾಗದಷ್ಟು ಸಿಹಿಯಾಗಿರುತ್ತದೆ. ಐಸಿಂಗ್ ತೆಳ್ಳಗಾಗುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಬೆಣ್ಣೆ ಬೆಚ್ಚಗಾಗಿರುತ್ತದೆ, ಇಲ್ಲವೇ ಹಾಲು ಜಾಸ್ತಿಯಾಗಿರುತ್ತದೆ. ಯಾವುದು ಅಂತ ತಿಳಿಯದೆ ಸಕ್ಕರೆ ಡಬ್ಬಿಗೆ ಕೈ ಹಾಕಬೇಡಿ.

ಐಸಿಂಗ್‌ನಲ್ಲಿ ಬಗೆಬಗೆಯಿದೆ. ಮೊದಲ ಸಲ ಮಾಡುವವರಿಗೆ ಬಟರ್‌ಕ್ರೀಮ್ ಒಳ್ಳೆಯದು. ಒಲೆ ಬೇಡ, ಮೊಟ್ಟೆ ಬೇಡ, ಕೆಟ್ಟರೂ ಸರಿಮಾಡಬಹುದು. ಅಳತೆ ನೆನಪಿಡುವುದೂ ಸುಲಭ: ತೂಕದಲ್ಲಿ ಬೆಣ್ಣೆ ಒಂದು ಪಾಲು, ಐಸಿಂಗ್ ಶುಗರ್ ಎರಡು ಪಾಲು. ಎರಡು ಪದರದ, 8 ಇಂಚಿನ ಕೇಕ್‌ಗೆ 250 ಗ್ರಾಂ ಉಪ್ಪಿಲ್ಲದ ಬೆಣ್ಣೆ, 500 ಗ್ರಾಂ ಐಸಿಂಗ್ ಶುಗರ್, ಎರಡು ಮೂರು ಚಮಚ ಹಾಲು, ಒಂದು ಟೀ ಚಮಚ ವೆನಿಲಾ ಎಸೆನ್ಸ್, ಚಿಟಿಕೆ ಉಪ್ಪು ಸಾಕು. ಉಪ್ಪನ್ನು ಬಿಡಬೇಡಿ, ಸಿಹಿ ಮುಖಕ್ಕೆ ಹೊಡೆಯದಂತೆ ತಡೆಯುವುದು ಅದೇ.

ಐಸಿಂಗ್ ಶುಗರ್ ಇಲ್ಲದಿದ್ದರೆ ಒಂದು ಕಪ್ ಸಕ್ಕರೆಗೆ ಒಂದು ಚಮಚ ಕಾರ್ನ್‌ಫ್ಲೋರ್ ಸೇರಿಸಿ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ. ಮುಚ್ಚಳ ತಕ್ಷಣ ತೆಗೆಯಬೇಡಿ, ಪುಡಿ ಕೆಳಗೆ ಕೂರಲಿ. ಅಂಗಡಿಯದ್ದಾಗಲಿ, ಮನೆಯದ್ದಾಗಲಿ, ಸಣ್ಣ ಕಣ್ಣಿನ ಜರಡಿಯಲ್ಲಿ ಎರಡು ಸಲ ಜರಡಿ ಹಿಡಿಯಲೇಬೇಕು. ಇಲ್ಲಿ ಉಳಿದ ಗಂಟು ಆಮೇಲೆ ಪೈಪಿಂಗ್ ನಾಜಲ್‌ನಲ್ಲಿ, ಅಂದರೆ ಐಸಿಂಗ್ ಹಿಂಡಿ ಹೂವು, ಚಿತ್ತಾರ ಬಿಡಿಸುವ ಕೊಳವೆಯ ತುದಿಯಲ್ಲಿ, ಸಿಕ್ಕಿಕೊಳ್ಳುತ್ತದೆ.

ಬೆಣ್ಣೆಯಿಂದಲೇ ಶುರು

ಬೆಣ್ಣೆಯನ್ನು ಫ್ರಿಜ್‌ನಿಂದ ಮೊದಲೇ ತೆಗೆದಿಡಿ. ಬೆರಳಲ್ಲಿ ಒತ್ತಿದರೆ ಗುಳಿ ಬೀಳಬೇಕು, ಬೆರಳು ಒಳಗೆ ಹೂತುಹೋಗಬಾರದು. ಮೇಲೆ ಎಣ್ಣೆಯಂತೆ ಮಿರುಗುತ್ತಿದ್ದರೆ ಹೊತ್ತು ಮೀರಿದೆ ಅಂತ ಅರ್ಥ. ಥರ್ಮಾಮೀಟರ್ ಇದ್ದವರಿಗೆ ಲೆಕ್ಕ ಹೇಳುವುದಾದರೆ 18ರಿಂದ 21 ಡಿಗ್ರಿ ಸೆಲ್ಸಿಯಸ್. ಬೆಣ್ಣೆ ಪೂರ್ತಿ ಕರಗುವುದು 32ರಿಂದ 35 ಡಿಗ್ರಿಯಲ್ಲಾದರೂ, ಅದಕ್ಕಿಂತ ಎಷ್ಟೋ ಮೊದಲೇ ಸಡಿಲವಾಗಿ ಗಾಳಿ ಹಿಡಿದಿಡುವ ಶಕ್ತಿ ಕಳೆದುಕೊಳ್ಳುತ್ತದೆ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡುವ ಆಸೆ ಬೇಡ. ಹೊರಗೆ ಗಟ್ಟಿ ಕಂಡರೂ ಒಳಗೆ ಕರಗಿರುತ್ತದೆ. ಚಿಕ್ಕ ತುಂಡು ಮಾಡಿ ಹರಡಿಟ್ಟರೆ ಬೇಗ ಹದಕ್ಕೆ ಬರುತ್ತದೆ.

ಈಗ ಬರೀ ಬೆಣ್ಣೆಯನ್ನೇ ನಾಲ್ಕೈದು ನಿಮಿಷ ಬೀಟ್ ಮಾಡಿ. ಹಳದಿ ಬಣ್ಣ ತಿಳಿಯಾಗುತ್ತಾ ಬೆಳ್ಳಗಾಗುತ್ತದೆ, ಬೀಟರ್‌ಗೆ ಅಂಟಿದ ಬೆಣ್ಣೆ ಹಗುರ ಕಾಣಿಸುತ್ತದೆ. ಅಲ್ಲಿವರೆಗೂ ಸಕ್ಕರೆ ಬೇಡ. ಆಮೇಲೆ ಸಕ್ಕರೆಯನ್ನು ಮೂರು ಪಾಲು ಮಾಡಿ, ಒಂದೊಂದಾಗಿ, ನಿಧಾನ ವೇಗದಲ್ಲಿ ಸೇರಿಸಿ. ಬೋಗುಣಿ ಮೇಲೆ ಒದ್ದೆ ಬಟ್ಟೆ ಹಿಡಿದರೆ ಅಡುಗೆಮನೆ ತುಂಬಾ ಪುಡಿ ಹಾರುವುದಿಲ್ಲ. ನಡುನಡುವೆ ಬದಿಗೆ ಅಂಟಿದ್ದನ್ನು ಸ್ಪ್ಯಾಚುಲಾದಿಂದ ಕೆಳಕ್ಕೆ ಕೆರೆಯಿರಿ. ಕೊನೆಯಲ್ಲಿ ವೆನಿಲಾ, ಉಪ್ಪು.

ಹಾಲು ಬರುವುದು ಎಲ್ಲದರ ನಂತರ. ಅದೂ ಟೀ ಚಮಚದ ಲೆಕ್ಕದಲ್ಲಿ. ಇಷ್ಟು ಜಿಪುಣತನ ಯಾಕೆ ಅಂತೀರಾ? ನೀರು ತನ್ನ ತೂಕದ ಎರಡರಷ್ಟು ಸಕ್ಕರೆಯನ್ನು ಕರಗಿಸಿಕೊಳ್ಳಬಲ್ಲದು. ಒಂದು ಟೀ ಚಮಚ, ಅಂದರೆ 5 ಮಿಲಿಲೀಟರ್ ನೀರಿಗೆ ಸುಮಾರು 10 ಗ್ರಾಂ ಸಕ್ಕರೆ. ಹಾಲಿನ ಬಹುಪಾಲು ನೀರೇ ಅಲ್ವಾ? ಹಾಗಾಗಿ ಒಂದು ಚಮಚ ಹಾಲು ಸುಮ್ನೆ ಒಂದು ಚಮಚ ದ್ರವ ಸೇರಿಸುವುದಿಲ್ಲ, ಐಸಿಂಗ್ ಗಟ್ಟಿ ನಿಲ್ಲಲು ಬೇಕಾದ ಸಕ್ಕರೆಯನ್ನೂ ಪಾಕ ಮಾಡಿಬಿಡುತ್ತದೆ. ಅರ್ಧ ಚಮಚ ಹಾಲು ಜಾಸ್ತಿಯಾದದ್ದನ್ನು ಸರಿಮಾಡಲು ಹಲವು ಚಮಚ ಸಕ್ಕರೆ ಬೇಕಾಗುವುದು ಇದಕ್ಕೇ.

ಯಾವ ಕೆಲಸಕ್ಕೆ ಯಾವ ಹದ

ಸ್ಪ್ಯಾಚುಲಾವನ್ನು ಐಸಿಂಗ್‌ನಲ್ಲಿ ಅದ್ದಿ ನೇರವಾಗಿ ಮೇಲೆತ್ತಿ. ತುದಿ ಮುಳ್ಳಿನಂತೆ ನೆಟ್ಟಗೆ ನಿಂತರೆ ಗಟ್ಟಿ ಹದ. ಎಸಳು ಎದ್ದು ನಿಲ್ಲಬೇಕಾದ ಗುಲಾಬಿಗೆ ಇದು ಬೇಕು. ತುದಿ ಸ್ವಲ್ಪ ಬಾಗಿದರೆ ಮಧ್ಯಮ ಹದ, ಅಂಚಿನ ಚಿತ್ತಾರಕ್ಕೆ, ಕಪ್‌ಕೇಕ್ ಮೇಲಿನ ಸುರುಳಿಗೆ ಸರಿ. ತುದಿ ಬಗ್ಗಿ ಮೆಲ್ಲಗೆ ಕುಸಿದರೆ ಮೆದು ಹದ. ಕೇಕ್ ಸುತ್ತ ಹಚ್ಚಲು, ಮೇಲೆ ಅಕ್ಷರ ಬರೆಯಲು ಇದೇ ಒಳ್ಳೆಯದು. ಗಟ್ಟಿ ಐಸಿಂಗ್ ಹಚ್ಚಹೋದರೆ ಕೇಕ್‌ನ ಮೇಲ್ಪದರವನ್ನೇ ಕಿತ್ತುಕೊಂಡು ಬರುತ್ತದೆ.

ಆದ್ದರಿಂದ ಮೊದಲು ಗಟ್ಟಿಯಾಗಿಯೇ ಮಾಡಿ. ಹೂವಿಗೆ ಬೇಕಾದಷ್ಟು ತೆಗೆದಿಟ್ಟು, ಉಳಿದದ್ದನ್ನು ಸಡಿಲ ಮಾಡಿಕೊಳ್ಳಿ. ಒಂದು ಕಪ್ ಐಸಿಂಗ್‌ಗೆ ಒಂದು ಟೀ ಚಮಚ ಹಾಲು ಹಾಕಿದರೆ ಹದ ಹೆಚ್ಚುಕಡಿಮೆ ಒಂದು ಮೆಟ್ಟಿಲು ಇಳಿಯುತ್ತದೆ.

ಬಣ್ಣ ಹಾಕುವವರು ಜೆಲ್ ಬಣ್ಣವನ್ನೇ ಬಳಸಿ, ಟೂತ್‌ಪಿಕ್ ತುದಿಯಷ್ಟು ಸಾಕು. ನೀರಿನಂಥ ಬಣ್ಣ ಗಾಢವಾಗಲು ಹನಿಹನಿ ಹಾಕುತ್ತಾ ಹೋಗಬೇಕು, ಅಷ್ಟರಲ್ಲಿ ಹದ ಕೆಟ್ಟಿರುತ್ತದೆ. ಬಣ್ಣ ಕೆಲವು ಗಂಟೆಗಳಲ್ಲಿ ತಾನಾಗಿಯೇ ಗಾಢವಾಗುತ್ತದೆ, ಆತುರ ಬೇಡ.

ಕೆಟ್ಟರೆ ಏನು ಮಾಡುವುದು?

ತೆಳ್ಳಗಾದ ಐಸಿಂಗ್‌ನ ಬೋಗುಣಿಯ ತಳ ಮುಟ್ಟಿ ನೋಡಿ. ಬೆಚ್ಚಗಿದ್ದರೆ, ಐಸಿಂಗ್ ಮಿರುಗುತ್ತಿದ್ದರೆ, 15 ನಿಮಿಷ ಫ್ರಿಜ್‌ನಲ್ಲಿಟ್ಟು ಮತ್ತೆ ಬೀಟ್ ಮಾಡಿ. ಬಹಳಷ್ಟು ಸಲ ಅಲ್ಲಿಗೇ ಸರಿಹೋಗುತ್ತದೆ. ತಣ್ಣಗಿದ್ದೂ ತೆಳ್ಳಗಿದ್ದರೆ ಮಾತ್ರ ಹಾಲು ಜಾಸ್ತಿಯಾಗಿದೆ. ಆಗ ಚಮಚ ಚಮಚವಾಗಿ ಸಕ್ಕರೆ ಸೇರಿಸಿ.

ಒಡೆದ ಹಾಲಿನಂತೆ ತರಿತರಿಯಾಗಿ ನೀರು ಬಿಟ್ಟರೆ ಗಾಬರಿಯಾಗಬೇಡಿ. ಬೆಣ್ಣೆ ಅಥವಾ ಹಾಲು ತೀರಾ ತಣ್ಣಗಿತ್ತು, ಅಷ್ಟೇ. ಎರಡು ಮೂರು ಚಮಚ ಐಸಿಂಗ್ ತೆಗೆದು ಬಿಸಿ ಮಾಡಿ ಕರಗಿಸಿ, ಮತ್ತೆ ಅದಕ್ಕೇ ಸುರಿದು ಬೀಟ್ ಮಾಡಿ. ಕೂಡಿಕೊಳ್ಳುತ್ತದೆ. ನಾಲಿಗೆಗೆ ಮರಳಿನಂತೆ ಸಿಕ್ಕಿದರೆ ಸಕ್ಕರೆ ನುಣ್ಣಗಾಗಿರಲಿಲ್ಲ. ಇದಕ್ಕೆ ಹೇಳಿಕೊಳ್ಳುವಂಥ ಮದ್ದಿಲ್ಲ. ಗಾಳಿಗುಳ್ಳೆ ತುಂಬಿದ್ದರೆ ಬೀಟರ್ ಬದಿಗಿಟ್ಟು, ಸ್ಪ್ಯಾಚುಲಾದಿಂದ ಐಸಿಂಗನ್ನು ಬೋಗುಣಿಯ ಗೋಡೆಗೆ ಒತ್ತಿ ಒತ್ತಿ ಒಂದೆರಡು ನಿಮಿಷ ತಿರುವಿ.

ಹಚ್ಚುವ ಮೊದಲು ಕೇಕ್ ಪೂರ್ತಿ ಆರಿರಬೇಕು. ಮುಟ್ಟಿದರೆ ತಣ್ಣಗಿರುವ ಕೇಕ್ ನಡುವೆ ಇನ್ನೂ ಬೆಚ್ಚಗಿರಬಹುದು. ಮೊದಲು ತೆಳುವಾಗಿ ಒಂದು ಪದರ ಸವರಿ, 20ರಿಂದ 30 ನಿಮಿಷ ಫ್ರಿಜ್‌ನಲ್ಲಿಡಿ. ಉದುರುವ ಪುಡಿಯೆಲ್ಲ ಅದರಲ್ಲೇ ಅಂಟಿಕೊಳ್ಳುತ್ತದೆ, ಎರಡನೇ ಪದರ ನುಣುಪಾಗಿ ಕೂರುತ್ತದೆ. ಪೈಪಿಂಗ್ ಬ್ಯಾಗನ್ನು ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಅಂಗೈ ಬಿಸಿಗೆ ಒಳಗಿನ ಐಸಿಂಗ್ ಸಡಿಲವಾಗುತ್ತದೆ.

ಉಳಿದದ್ದನ್ನು ಗಾಳಿಯಾಡದ ಡಬ್ಬದಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟರೆ ಒಂದು ವಾರ ಬರುತ್ತದೆ. ಮತ್ತೆ ಬಳಸುವಾಗ ಹೊರಗಿಟ್ಟು, ಪೂರ್ತಿ ಮೆತ್ತಗಾದ ಮೇಲೆಯೇ ಬೀಟ್ ಮಾಡಿ. ತಣ್ಣಗಿರುವಾಗ ಬೀಟ್ ಮಾಡಿದರೆ ಒಡೆಯುತ್ತದೆ.