ಹಸಿ ಕಸ: ಮೊದಲು ನೀರು ಬಸಿಯಿರಿ

ಅಡುಗೆಮನೆ ಕಸ ನಾರುವುದು ಅದರಲ್ಲಿರುವ ನೀರಿನಿಂದ. ಮಿಕ್ಕ ಸಾರು, ಮಜ್ಜಿಗೆ, ತರಕಾರಿ ಸಿಪ್ಪೆ ಎಲ್ಲವನ್ನೂ ಒಂದೇ ಕವರಿಗೆ ತುಂಬಿ ಗಂಟು ಹಾಕಿದರೆ ಗಾಳಿಯಾಡದೆ ಬೆಳಗಾಗುವಷ್ಟರಲ್ಲಿ ಹುಳಿತಿರುತ್ತದೆ. ಹಾಗಾಗಿ ಸಿಂಕಿನ ಪಕ್ಕ ತೂತಿನ ಬುಟ್ಟಿಯೊಂದನ್ನು ಇಡಿ. ಉಳಿದ ಹುಳಿ, ಪಲ್ಯ, ಕಾಫಿ ಚರಟ ಅದರಲ್ಲಿ ಬಸಿಯಲಿ. ಬಾಣಲೆಯ ಜಿಡ್ಡನ್ನು ಸಿಂಕಿಗೆ ಬಿಡದೆ ಹಳೇ ಪೇಪರಿನಿಂದ ಒರೆಸಿ ತೆಗೆಯಿರಿ.

ಕಸದ ಆಟೊಗೆ ಕೊಡುವವರು ಹಸಿರು ಡಬ್ಬಿಯ ತಳಕ್ಕೆ ನ್ಯೂಸ್‌ಪೇಪರ್ ಹಾಸಿದರೆ ಸಾಕು, ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ಹಸಿ ಕಸಕ್ಕೆ ಹಸಿರು ಡಬ್ಬಿ, ಡೈಪರ್‌, ಪ್ಯಾಡ್‌ನಂಥವಕ್ಕೆ ಕೆಂಪು ಡಬ್ಬಿ, ಒಣ ಕಸಕ್ಕೆ ಚೀಲ ಎಂದು ಹೈಕೋರ್ಟ್ ಹೇಳಿದ್ದು 2015ರ ಡಿಸೆಂಬರ್‌ನಲ್ಲಿ. ಅದಕ್ಕೂ ಮುಂಚೆ ನಮ್ಮ ಬೆರಕೆ ಕಸವನ್ನೆಲ್ಲ ವರ್ಷಗಟ್ಟಲೆ ಸಹಿಸಿದವರು ಬೆಂಗಳೂರಿನ ಕಸ ತಂದು ಸುರಿಯುತ್ತಿದ್ದ ಮಂಡೂರು, ಮಾವಳ್ಳಿಪುರದ ಜನ. ಇವತ್ತಿಗೂ ನಾವು ಗಂಟು ಹಾಕಿದ ಕವರನ್ನು ಬಿಚ್ಚಿ ಕೈಯಲ್ಲಿ ಬೇರ್ಪಡಿಸಬೇಕಾದವರು ಪೌರಕಾರ್ಮಿಕರು. ಅನ್ನದ ನಡುವೆ ಬ್ಲೇಡೋ ಗಾಜಿನ ಚೂರೋ ಇದ್ದರೆ ಕೊಯ್ಯುವುದು ಅವರ ಬೆರಳನ್ನು. ಇದೊಂದನ್ನು ದಯವಿಟ್ಟು ಮರೆಯಬೇಡಿ.

ಬಾಲ್ಕನಿ ಇದ್ದರೆ ಗೊಬ್ಬರವನ್ನೇ ಮಾಡಬಹುದು. ಮುಚ್ಚಳವಿರುವ ಹಳೇ ಬಕೆಟ್ಟಿನ ತಳಕ್ಕೂ ಸುತ್ತಲೂ ತೂತು ಕೊರೆದು, ಕೆಳಗೆ ತಟ್ಟೆ ಇಡಿ. ತಳದಲ್ಲಿ ನಾಲ್ಕು ಬೆರಳಿನಷ್ಟು ಒಣ ಎಲೆ ಹರಡಿ. ಮೇಲೆ ಬಸಿದ ಕಸ, ಒಂದು ಹಿಡಿ ಹಳೇ ಗೊಬ್ಬರ ಅಥವಾ ಸ್ವಲ್ಪ ಹುಳಿ ಮಜ್ಜಿಗೆ. ಪ್ರತಿ ಸಲವೂ ಹಾಕಿದ ಕಸ ಕಾಣದ ಹಾಗೆ ಒಣ ಎಲೆಯಿಂದ ಮುಚ್ಚಬೇಕು. ಒಂದು ಬಟ್ಟಲು ಕಸಕ್ಕೆ ಒಂದು ಬಟ್ಟಲು ಎಲೆ ಎಂದಿಟ್ಟುಕೊಳ್ಳಿ. ಎರಡು ಮೂರು ದಿನಕ್ಕೊಮ್ಮೆ ಕೋಲಿನಿಂದ ಕೆದಕಿ. ಮಾಂಸ, ಮೂಳೆ ಮಾತ್ರ ಆಟೊಗೇ ಹೋಗಲಿ, ಬಕೆಟ್ಟಿಗೆ ಹಾಕಿದರೆ ಇಲಿ ಬರುತ್ತದೆ.

ಒಣ ಎಲೆಗೆ ಬೆಂಗಳೂರಲ್ಲಿ ಬರವಿಲ್ಲ. ಶಿವರಾತ್ರಿ ಆಸುಪಾಸಿನಲ್ಲಿ ಹೊಂಗೆ ಮರಗಳು ರಸ್ತೆ ತುಂಬ ಎಲೆ ಉದುರಿಸುತ್ತವೆ. ಯಾರಾದರೂ ಬೆಂಕಿ ಹಚ್ಚುವ ಮುಂಚೆ ಎರಡು ಗೋಣಿಚೀಲ ತುಂಬಿಸಿಡಿ, ಮಳೆಗಾಲಕ್ಕೂ ಆಗುತ್ತದೆ.

ಅವರೆಕಾಯಿ ಕಾಲದಲ್ಲಿ ಕಷ್ಟ. ಒಂದೆರಡು ಕೆ.ಜಿ. ಸುಲಿದರೆ ಬಕೆಟ್ಟೇ ತುಂಬುವಷ್ಟು ಸಿಪ್ಪೆ! ಅದನ್ನು ಒಂದೆರಡು ದಿನ ಬಿಸಿಲಿಗೆ ಹರಡಿ ಬಾಡಿಸಿ, ಮುರಿದು ಹಾಕಿದರೆ ಗಾತ್ರವೂ ಇಳಿಯುತ್ತದೆ, ಬೇಗ ಕೊಳೆಯುತ್ತದೆ. ಹಿತಕಿದ ಬೇಳೆಯ ಸಿಪ್ಪೆಯಲ್ಲಿ ನೀರು ಹೆಚ್ಚು, ಹಿಂಡಿಯೇ ಹಾಕಿ.

ವಾಸನೆ ಬಂತೆಂದರೆ ನೀರು ಹೆಚ್ಚಾಗಿದೆ: ಎಲೆ ಸೇರಿಸಿ ಕೆದಕಿ. ಹುಳ ಕಂಡರೆ ಗಾಬರಿಯಾಗಿ ಫಿನಾಯಿಲ್ ಸುರಿಯಬೇಡಿ, ಅವು ಕಸವನ್ನೇ ತಿಂದು ಮುಗಿಸುತ್ತವೆ. ಬೇಡವೆನಿಸಿದರೆ ಒಣ ಎಲೆ ಹೆಚ್ಚಿಸಿದರೂ ಕಡಿಮೆಯಾಗುತ್ತವೆ. ಒಂದು ಹಿಡಿ ತೆಗೆದು ಹಿಂಡಿ ನೋಡಿ. ಕೈ ತೇವವಾಗಬೇಕು, ನೀರು ತೊಟ್ಟಿಕ್ಕಬಾರದು.

ಬಕೆಟ್ ತುಂಬಿದ ಮೇಲೆ ಹೊಸ ಕಸ ಹಾಕದೆ ಒಂದೂವರೆ ಎರಡು ತಿಂಗಳು ಬಿಟ್ಟರೆ ಕಪ್ಪಗೆ, ಪುಡಿಪುಡಿಯಾಗುತ್ತದೆ. ಜರಡಿ ಹಿಡಿದು ಗಿಡಗಳಿಗೆ ಹಾಕಿ. ಜರಡಿಯಲ್ಲಿ ಉಳಿಯುವ ಕರಿಬೇವಿನ ಕಡ್ಡಿ, ಮಾವಿನ ಓಟೆಗಳನ್ನು ಎಸೆಯದೆ ಮುಂದಿನ ಬಕೆಟ್ಟಿನ ತಳಕ್ಕೆ ಹಾಕಿ. ಹೊಸ ಕಸಕ್ಕೆ ಅದೇ ಹೆಪ್ಪು.